ಒಳ್ಳೆಯ ಪ್ರಶ್ನೆ ಅಂದರೆ

ವಾರದ ಪಬ್ ಕ್ವಿಜ್‌ಗೆ ಪ್ರಶ್ನೆ ಬರೆಯುವುದು ನನ್ನ ಹುಚ್ಚು. ಜೋಗ ಎಷ್ಟು ಮೀಟರ್ ಎತ್ತರ ಎಂದು ನಾನೆಂದೂ ಕೇಳುವುದಿಲ್ಲ. 253 ಎಂದು ಗೊತ್ತಿದ್ದವನು ಬರೆಯುತ್ತಾನೆ, ಉಳಿದವರು ಕಡಲೆಬೀಜಕ್ಕೆ ಕೈ ಹಾಕುತ್ತಾರೆ. ಅದರ ಬದಲು ಹೀಗೆ ಕೇಳಿ: ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದ್ದು 1902ರಲ್ಲಿ, ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. ಹಾಗಾದರೆ ಆ ಕರೆಂಟು ಮೊದಲು ಹೋದದ್ದೆಲ್ಲಿಗೆ? ಟೇಬಲ್ ಸುತ್ತ ಗುಸುಗುಸು ಶುರು. ಮೈಸೂರು ಅರಮನೆಗೆ? ಅಷ್ಟು ದೂರ ತಂತಿ ಎಳೆಯುವ ಖರ್ಚು ಯಾರಿಗೆ ಗಿಟ್ಟುತ್ತಿತ್ತು ಎಂದು ಒಬ್ಬರು ಯೋಚಿಸಿದರೆ ಸಾಕು, ಕೋಲಾರದ ಚಿನ್ನದ ಗಣಿ ಹೊಳೆಯುತ್ತದೆ. ಗೊತ್ತಿಲ್ಲದ್ದನ್ನೂ ಊಹಿಸಿ ತಲುಪುವ ದಾರಿ ಪ್ರಶ್ನೆಯೊಳಗೇ ಇರಬೇಕು.

ಪಬ್ಬಿಗೂ ಸಾಮಾನ್ಯ ಜ್ಞಾನಕ್ಕೂ ನಂಟು ಹಳೆಯದು. 1951ರಲ್ಲಿ ಐರ್ಲೆಂಡಿನಲ್ಲಿ ಬೇಟೆಗೆ ಹೋಗಿದ್ದ ಗಿನ್ನಿಸ್ ಬಿಯರ್ ಕಂಪನಿಯ ಹ್ಯೂ ಬೀವರ್, ಯುರೋಪಿನ ಅತಿ ವೇಗದ ಬೇಟೆಹಕ್ಕಿ ಯಾವುದೆಂಬ ವಾದಕ್ಕೆ ಸಿಕ್ಕಿಬಿದ್ದರು. ಉತ್ತರ ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಪಬ್ಬುಗಳ ಇಂಥ ಜಗಳ ತೀರಿಸಲೆಂದೇ 1955ರಲ್ಲಿ ಗಿನ್ನಿಸ್ ದಾಖಲೆಗಳ ಪುಸ್ತಕ ಬಂತು. ಬ್ರಿಟನ್ನಿನಲ್ಲಿ ಪಬ್ ಕ್ವಿಜ್ ಹಬ್ಬಿದ್ದು ಆಮೇಲೆ, 70ರ ದಶಕದಲ್ಲಿ. ಬೆಂಗಳೂರಿನಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿದ್ದು 1983ರಲ್ಲಿ. ಅಲ್ಲಿ ಬಿಯರ್ ಇಲ್ಲ, ಹಟ ಮಾತ್ರ ಅಷ್ಟೇ.

ಇನ್ನೊಂದು ನನ್ನ ಮೆಚ್ಚಿನದು: ವರ್ಷಕ್ಕಿಂತ ದಿನವೇ ಉದ್ದವಾದ ಗ್ರಹ ಯಾವುದು? ಶುಕ್ರ. ಸೂರ್ಯನನ್ನು ಸುತ್ತಲು ಅದಕ್ಕೆ 225 ದಿನ ಸಾಕು, ತನ್ನನ್ನು ತಾನೇ ಒಮ್ಮೆ ಸುತ್ತಲು 243 ಬೇಕು.

ನೀವೂ ಕ್ವಿಜ್ ನಡೆಸುವವರಾದರೆ 'ಮೊಟ್ಟಮೊದಲ', 'ಅತಿ ದೊಡ್ಡ' ಎಂಬ ಪ್ರಶ್ನೆಗಳನ್ನು ಎರಡು ಕಡೆ ಪರಿಶೀಲಿಸದೆ ಓದಬೇಡಿ. ಮೂಲೆಯ ಟೇಬಲ್ಲಿನಲ್ಲಿ ಫೋನ್ ಹಿಡಿದವರು ಕಾಯುತ್ತಿರುತ್ತಾರೆ.