ಮೌನವಾದ ಲ್ಯಾಪ್‌ಟಾಪ್: ದೋಷ ಯಂತ್ರದ್ದೋ, ಕಿವಿಯದ್ದೋ?

ಜೂನ್ ತಿಂಗಳಲ್ಲಿ ಮುಂಗಾರು ಕೇರಳದ ಕರಾವಳಿಯನ್ನು ಮುಟ್ಟಿತೆಂದರೆ ಕೊಚ್ಚಿಯ ಮನೆಗಳಲ್ಲಿ ಡಬ್ಬಿಯೊಳಗಿನ ಉಪ್ಪು ನೀರೊಡೆಯುತ್ತದೆ, ಬೆಂಕಿಕಡ್ಡಿ ಹೊತ್ತಿಕೊಳ್ಳಲೊಲ್ಲದು, ಕಪಾಟಿನೊಳಗಿನ ಬೂಟುಗಳಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಲ್ಲಿನ ಈ ತೇವಾಂಶವು ಮೇಜಿನ ಮೇಲಿರುವ ಲ್ಯಾಪ್‌ಟಾಪನ್ನು ಮಾತ್ರ ಬಿಟ್ಟುಬಿಡುವುದೆಂದು ತಿಳಿಯಲು ಯಾವ ಕಾರಣವೂ ಇಲ್ಲ. ಒಂದು ಬೆಳಿಗ್ಗೆ ತೆರೆಯ ಮೇಲೆ ಚಿತ್ರ ಎಂದಿನಂತೆ ಮೂಡುತ್ತದೆ. ಧ್ವನಿ ಮಾತ್ರ ಬರುವುದಿಲ್ಲ.

ವೈಟ್ಟಿಲದಲ್ಲಿ ನೆಲಸಿರುವ ಕನ್ನಡ ಕುಟುಂಬವೊಂದನ್ನು ಕಲ್ಪಿಸಿಕೊಳ್ಳಬಹುದು. ಮನೆಯ ಹೊರಗೆ ಕಿವಿಗೆ ಬೀಳುವುದೆಲ್ಲ ಮಲಯಾಳ. ಊರಿನಲ್ಲಿರುವ ಅಜ್ಜಿಯ ಮಾತು, ಅಜ್ಜನಿಗೆ ಪ್ರಿಯವಾದ ಯಕ್ಷಗಾನದ ಧ್ವನಿಮುದ್ರಣ, ಮಕ್ಕಳ ಕನ್ನಡ ಪಾಠ ಇವೆಲ್ಲವೂ ಆ ಲ್ಯಾಪ್‌ಟಾಪಿನ ಮೂಲಕವೇ ಮನೆಯೊಳಗೆ ಬರತಕ್ಕವು. ಅದು ಮೂಕವಾದಾಗ ಹೆಚ್ಚಿನವರು ಅನುಸರಿಸುವ ಮಾರ್ಗ ಒಂದೇ: ಇಯರ್‌ಫೋನನ್ನು ಸಿಕ್ಕಿಸಿಕೊಂಡು ಕೆಲಸ ಮುಂದುವರಿಸುವುದು. ದುರಸ್ತಿಯನ್ನು ಆಮೇಲೆ ನೋಡಿಕೊಂಡರಾಯಿತೆಂಬ ಭಾವನೆ. ಆ ‘ಆಮೇಲೆ’ ತಿಂಗಳುಗಟ್ಟಲೆ ಬರುವುದಿಲ್ಲ. ಒಟ್ಟಿಗೆ ಕುಳಿತು ಕೇಳುತ್ತಿದ್ದ ಸಂಸಾರದಲ್ಲಿ ಒಬ್ಬನಿಗೆ ಮಾತ್ರ ಕೇಳಿಸುತ್ತದೆ. ಉಳಿದವರು ಅವನ ಮುಖವನ್ನು ನೋಡುತ್ತ ಕುಳಿತಿರುತ್ತಾರೆ.

ದುರಸ್ತಿಗೆ ತೊಡಗುವ ಮುನ್ನ ಧ್ವನಿಯು ಸಾಗಿಬರುವ ದಾರಿಯನ್ನು ತಿಳಿದಿರುವುದು ಲೇಸು. ಲ್ಯಾಪ್‌ಟಾಪಿನಲ್ಲಿ ಧ್ವನಿ ಮೊದಲು ಕೇವಲ ಅಂಕಿಗಳ ರೂಪದಲ್ಲಿರುತ್ತದೆ. ಡ್ರೈವರ್ ಎಂಬ ತಂತ್ರಾಂಶವು ಆ ಅಂಕಿಗಳನ್ನು ಧ್ವನಿಯ ಚಿಪ್ಪಿಗೆ ಒಪ್ಪಿಸುತ್ತದೆ. ಚಿಪ್ಪು ಅವನ್ನು ವಿದ್ಯುತ್ತಿನ ಅಲೆಗಳನ್ನಾಗಿ ಮಾರ್ಪಡಿಸುತ್ತದೆ. ವರ್ಧಕವು ಅವುಗಳಿಗೆ ಬಲ ಕೊಡುತ್ತದೆ. ಕಡೆಗೆ ಸ್ಪೀಕರಿನ ಅಯಸ್ಕಾಂತದ ನಡುವೆ ತೂಗುವ ತಂತಿಸುರುಳಿಯು ಅಲುಗಿ, ಅದಕ್ಕಂಟಿದ ತೆಳುಪೊರೆಯು ಗಾಳಿಯನ್ನು ನೂಕುತ್ತದೆ. ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರರು 1925ರಲ್ಲಿ ಪ್ರಕಟಿಸಿದ ಸ್ಪೀಕರಿನ ತತ್ವವೇ ಇಂದಿಗೂ ಇದರ ಆಧಾರ. ಗಾತ್ರ ಮಾತ್ರ ಹೆಬ್ಬೆರಳಿನಷ್ಟಕ್ಕೆ ಇಳಿದಿದೆ.

ಇಲ್ಲಿ ಒಂದು ಸಂಗತಿ ಗಮನಾರ್ಹ. ಸಾಮಾನ್ಯವಾಗಿ ಲ್ಯಾಪ್‌ಟಾಪಿಗೆ ಎಡಬಲಗಳಲ್ಲಿ ಎರಡು ಸ್ಪೀಕರುಗಳಿರುತ್ತವೆ. ಎರಡೂ ಒಂದೇ ಗಳಿಗೆಯಲ್ಲಿ ಸುಟ್ಟುಹೋಗುವುದು ಅಪರೂಪ. ಒಂದು ಕಡೆ ಮಾತ್ರ ಸದ್ದು ನಿಂತಿದ್ದರೆ ಅಥವಾ ಕರಕರ ಎನ್ನುತ್ತಿದ್ದರೆ ಆ ಸ್ಪೀಕರನ್ನಾಗಲಿ ಅದರ ತಂತಿಯನ್ನಾಗಲಿ ಶಂಕಿಸಬೇಕು. ಎರಡೂ ಏಕಕಾಲಕ್ಕೆ ಮೌನವಾಗಿದ್ದರೆ ದೋಷವನ್ನು ಅದಕ್ಕಿಂತ ಹಿಂದಿನ ಹಂತದಲ್ಲಿ ಹುಡುಕುವುದೇ ಜಾಣತನ. ಸ್ಪೀಕರು ಬದಲಾಯಿಸಿರೆಂದು ಅವಸರದಿಂದ ಅಂಗಡಿಗೆ ಕೊಟ್ಟು, ಹೊಸದನ್ನು ಹಾಕಿಸಿಕೊಂಡೂ ಮೌನವನ್ನೇ ಮನೆಗೆ ತಂದವರು ಕಡಮೆಯಿಲ್ಲ.

ಮೊದಲು ಮ್ಯೂಟ್ ಗುಂಡಿ ಒತ್ತಿಹೋಗಿದೆಯೇ ಎಂದು ನೋಡಬೇಕು. ಅನಂತರ, ಧ್ವನಿ ಬೇರೆಲ್ಲಿಗಾದರೂ ಹೋಗುತ್ತಿದೆಯೇ ಎಂದು ವಿಚಾರಿಸಬೇಕು. ಪಕ್ಕದ ಕೋಣೆಯಲ್ಲಿ ಮಗನ ಚೀಲದೊಳಗಿರುವ ಬ್ಲೂಟೂತ್ ಇಯರ್‌ಫೋನಿನಲ್ಲಿ ಅಜ್ಜನ ಯಕ್ಷಗಾನ ಯಾರಿಗೂ ಕೇಳದಂತೆ ನಡೆಯುತ್ತಿರಬಹುದು! ತೆರೆಯ ಮೂಲೆಯ ಸ್ಪೀಕರ್ ಚಿಹ್ನೆಯನ್ನು ಒತ್ತಿದರೆ ಧ್ವನಿಯು ಯಾವ ಸಾಧನಕ್ಕೆ ಹೋಗುತ್ತಿದೆಯೆಂಬುದು ತಿಳಿಯುತ್ತದೆ.

ಮೂರನೆಯದು ಇಯರ್‌ಫೋನಿನ ಪರೀಕ್ಷೆ. ಇದೇ ಮುಖ್ಯವಾದುದು. ತಂತಿಯುಳ್ಳ ಇಯರ್‌ಫೋನಿನಲ್ಲಿಯೂ ಸದ್ದು ಬಾರದಿದ್ದರೆ ತಪ್ಪು ಬಹುಮಟ್ಟಿಗೆ ಡ್ರೈವರಿನಲ್ಲಿ ಅಥವಾ ಚಿಪ್ಪಿನಲ್ಲಿ; ಯಂತ್ರವನ್ನು ಪೂರ್ಣವಾಗಿ ಮುಚ್ಚಿ ಮತ್ತೆ ಆರಂಭಿಸುವುದು, ಡ್ರೈವರನ್ನು ತೆಗೆದು ಪುನಃ ಸ್ಥಾಪಿಸುವುದು ಮೊದಲ ಚಿಕಿತ್ಸೆ. ಇಯರ್‌ಫೋನಿನಲ್ಲಿ ಕೇಳಿಸಿ ಸ್ಪೀಕರಿನಲ್ಲಿ ಕೇಳಿಸದಿದ್ದರೆ, ಇಯರ್‌ಫೋನ್ ಸಿಕ್ಕಿಸುವ ಜ್ಯಾಕಿನ ಕಡೆಗೆ ದೃಷ್ಟಿ ಹರಿಸಬೇಕು. ಆ ಪುಟ್ಟ ರಂಧ್ರದೊಳಗೆ ಸ್ಪ್ರಿಂಗಿನಂಥ ತಗಡೊಂದು ಇದೆ. ಕಡ್ಡಿ ಒಳಹೊಕ್ಕಾಗ ಅದು ಸರಿದು, ಸ್ಪೀಕರನ್ನು ನಿಲ್ಲಿಸೆಂಬ ಸೂಚನೆ ಯಂತ್ರಕ್ಕೆ ಹೋಗುತ್ತದೆ. ತೇವದಿಂದ ಕಿಲುಬು ಹಿಡಿದು ಅಥವಾ ಧೂಳು ತುಂಬಿ ಆ ತಗಡು ಸ್ವಸ್ಥಾನಕ್ಕೆ ಮರಳದಿದ್ದರೆ, ಇಯರ್‌ಫೋನನ್ನು ಕಿತ್ತ ಮೇಲೂ ಅದು ಇದ್ದೇ ಇದೆಯೆಂದು ಯಂತ್ರ ಭ್ರಮಿಸುತ್ತದೆ. ಏನನ್ನೂ ಸಿಕ್ಕಿಸದಿದ್ದರೂ ತೆರೆಯ ಮೇಲೆ ‘ಹೆಡ್‌ಫೋನ್’ ಎಂದು ಕಾಣಿಸುವುದು ಈ ರೋಗದ ಸ್ಪಷ್ಟ ಲಕ್ಷಣ. ಹಿನ್ನೀರಿನ ನಾಡಿನಲ್ಲಿ ಇದು ಅಚ್ಚರಿಯ ಮಾತಲ್ಲ.

ಇದಕ್ಕೆ ಮನೆಮದ್ದು ಉಂಟು. ಯಂತ್ರವನ್ನು ಪೂರ್ಣವಾಗಿ ಮುಚ್ಚಿ, ಚಾರ್ಜರನ್ನು ಕಿತ್ತು, ಇಯರ್‌ಫೋನಿನ ಕಡ್ಡಿಯನ್ನು ಹತ್ತಾರು ಬಾರಿ ಮೆಲ್ಲಗೆ ಹಾಕಿ ತೆಗೆಯಬೇಕು. ಸಾಲದಿದ್ದರೆ ಮೃದುವಾದ ಸಣ್ಣ ಕುಂಚದ ತುದಿಗೆ ಒಂದು ತೊಟ್ಟು ಐಸೊಪ್ರೊಪೈಲ್ ಆಲ್ಕೊಹಾಲ್ ತಗುಲಿಸಿ ಒರೆಸಿ, ಚೆನ್ನಾಗಿ ಆರಲು ಬಿಡಬೇಕು. ಬಾಯಿಂದ ಊದಿದರೆ ಉಸಿರಿನ ತೇವವೇ ಒಳಸೇರುತ್ತದೆ. ಸೂಜಿ ಮತ್ತು ಸೇಫ್ಟಿಪಿನ್ನುಗಳನ್ನು ಚುಚ್ಚಲೇಬಾರದು. ಕೊಬ್ಬರಿ ಎಣ್ಣೆಯಂತೂ ಕೇರಳದಲ್ಲಿ ಸಕಲ ರೋಗನಿವಾರಕವೆಂಬ ಕೀರ್ತಿ ಪಡೆದಿದೆ. ಆದರೆ ಜ್ಯಾಕಿಗೆ ಅದು ಪಥ್ಯವಲ್ಲ.

ಇಷ್ಟಕ್ಕೂ ಬಗೆಹರಿಯದಿದ್ದರೆ ಇನ್ನೊಂದು ಪರೀಕ್ಷೆ ಇದೆ. ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದ ಯಂತ್ರವನ್ನು ಆರಂಭಿಸಿ ನೋಡಬೇಕು. ಆಗ ಸ್ಪೀಕರು ನುಡಿದರೆ ದೋಷ ಕೇವಲ ತಂತ್ರಾಂಶದ್ದು, ಒಂದು ಬಿಡಿಭಾಗವನ್ನೂ ಕೊಳ್ಳಬೇಕಾಗಿಲ್ಲ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಲಿನಕ್ಸೇ ಬಳಕೆಯಲ್ಲಿರುವುದರಿಂದ, ಅಂಥ ಪೆನ್‌ಡ್ರೈವನ್ನು ಸಿದ್ಧಪಡಿಸಬಲ್ಲ ಹುಡುಗನೋ ಹುಡುಗಿಯೋ ನೆರೆಮನೆಯಲ್ಲಿಯೇ ದೊರೆಯುವ ಸಂಭವ ಉಂಟು. ಆಗಲೂ ಮೌನವೇ ಆದರೆ ಎರ್ನಾಕುಲಂನ ಪೆಂಟಾ ಮೇನಕದಂಥ ಮಳಿಗೆಗಳ ಸಮುಚ್ಚಯಕ್ಕೆ ಒಯ್ಯಬೇಕಾಗುತ್ತದೆ. ತಂತಿಸುರುಳಿ ತುಂಡಾಗಿದೆಯೇ ಎಂಬುದನ್ನು ಮಲ್ಟಿಮೀಟರಿನಿಂದ ಅಳೆದು ತೋರಿಸುವಂತೆ ಕೇಳುವ ಹಕ್ಕು ಗ್ರಾಹಕನಿಗಿದೆ. ಸುಸ್ಥಿತಿಯಲ್ಲಿರುವ ಸ್ಪೀಕರು ಸಾಮಾನ್ಯವಾಗಿ 4 ಅಥವಾ 8 ಓಮಿನ ಆಸುಪಾಸಿನ ಅಂಕಿಯನ್ನು ತೋರಿಸುತ್ತದೆ. ಲ್ಯಾಪ್‌ಟಾಪಿನ ಅಡಿಭಾಗ ಉಬ್ಬಿದ್ದರೆ ಅಥವಾ ಮುಚ್ಚಳ ಸರಿಯಾಗಿ ಕೂಡದಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಅದನ್ನು ಮನೆಯಲ್ಲಿ ಬಿಚ್ಚುವುದು ಬೆಂಕಿಯೊಡನೆ ಸರಸ.

ಇನ್ನು ಕಿವಿಯ ವಿಚಾರ. ದುರಸ್ತಿಯನ್ನು ಮುಂದೂಡಿದವರ ಕಿವಿಗಳೇ ಸ್ಪೀಕರಿನ ಹೊರೆಯನ್ನು ಹೊರುತ್ತವೆ. ವೈಟ್ಟಿಲವೋ ಕೇರಳದ ಅತ್ಯಂತ ಜನನಿಬಿಡ ಕೂಡುರಸ್ತೆಗಳಲ್ಲಿ ಒಂದು. 2011ರಲ್ಲಿ ಮೊಬಿಲಿಟಿ ಹಬ್ ಬಸ್ ನಿಲ್ದಾಣ, 2019ರಲ್ಲಿ ಮೆಟ್ರೊ, 2021ರಲ್ಲಿ ಮೇಲ್ಸೇತುವೆ, 2023ರಲ್ಲಿ ಕಾಕ್ಕನಾಡಿಗೆ ಹೋಗುವ ವಾಟರ್ ಮೆಟ್ರೊ ಹೀಗೆ ಒಂದರ ಮೇಲೊಂದು ಇಲ್ಲಿ ಬಂದು ಸೇರಿವೆ. ಬಸ್ಸಿನ ಹಾರನ್ನನ್ನು ಮೀರಿ ಕೇಳಿಸಬೇಕಾದರೆ ಇಯರ್‌ಫೋನಿನ ಸದ್ದನ್ನು ಏರಿಸಲೇಬೇಕು. ಏರಿಸಿದ್ದನ್ನು ಮನೆಗೆ ಬಂದ ಮೇಲೆ ಇಳಿಸುವವರು ವಿರಳ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ ವಯಸ್ಕರು ವಾರಕ್ಕೆ 80 ಡೆಸಿಬಲ್ ಪ್ರಮಾಣದ ಸದ್ದನ್ನು 40 ಗಂಟೆಗಳಷ್ಟು ಕೇಳಬಹುದು. ಮಕ್ಕಳಿಗೆ ಅಷ್ಟೇ ಅವಧಿಗೆ 75 ಡೆಸಿಬಲ್. ಸದ್ದು 3 ಡೆಸಿಬಲ್ ಏರಿದಂತೆಲ್ಲ ಈ ಅವಧಿ ಅರ್ಧಕ್ಕಿಳಿಯುತ್ತದೆ. 90 ಡೆಸಿಬಲಿಗೆ ಬಂದಾಗ ವಯಸ್ಕರಿಗೆ ಉಳಿಯುವುದು ವಾರವೊಂದಕ್ಕೆ ಸುಮಾರು 4 ಗಂಟೆ ಮಾತ್ರ. ಒಳಗಿವಿಯ ಶಂಖದಾಕಾರದ ನಾಳದಲ್ಲಿ ಧ್ವನಿಯನ್ನು ಗ್ರಹಿಸುವ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ನಶಿಸಿದವು ಮತ್ತೆ ಹುಟ್ಟುವುದಿಲ್ಲ. ಅವಕ್ಕೆ ಬಿಡಿಭಾಗದ ಅಂಗಡಿಯೂ ಇಲ್ಲ.

ಯಂತ್ರವನ್ನು ಪರೀಕ್ಷಿಸಿದ ಅದೇ ಇಯರ್‌ಫೋನು ಕಿವಿಯ ಬಗೆಗೂ ಸುಳಿವು ಕೊಡಬಲ್ಲದು. ಒಂದು ಪಕ್ಕದಲ್ಲಿ ಸದ್ದು ಕಡಮೆಯೆನಿಸಿದರೆ ಎಡದ್ದನ್ನು ಬಲಗಿವಿಗೂ ಬಲದ್ದನ್ನು ಎಡಗಿವಿಗೂ ಇಟ್ಟು ನೋಡಬೇಕು. ಮೌನವು ಇಯರ್‌ಫೋನಿನ ಜೊತೆಗೆ ಮತ್ತೊಂದು ಕಿವಿಗೆ ಹೋದರೆ ದೋಷ ಯಂತ್ರದ್ದು. ಮೌನವು ಮೊದಲಿದ್ದ ಕಿವಿಯಲ್ಲಿಯೇ ಉಳಿದರೆ ಯಂತ್ರವನ್ನು ಬದಿಗಿಟ್ಟು ವೈದ್ಯರ ಬಳಿಗೆ ಹೋಗಬೇಕು.

ಇದರಲ್ಲಿ ತಡಮಾಡಲಾಗದ ಸಂದರ್ಭವೊಂದಿದೆ. ನಿನ್ನೆಯವರೆಗೆ ಚೆನ್ನಾಗಿದ್ದ ಒಂದು ಕಿವಿಯು, ಎಷ್ಟೋ ವೇಳೆ ಬೆಳಿಗ್ಗೆ ಏಳುವಷ್ಟರಲ್ಲಿ, ಏಕಾಏಕಿ ಮಂದವಾಗಬಹುದು. ಗುಂಯ್ ಎಂಬ ನಾದವೂ ತಲೆಸುತ್ತೂ ಜೊತೆಗಿರಬಹುದು. ಮಳೆಗಾಲದ ನೆಗಡಿಯಿಂದ ಕಿವಿ ಕಟ್ಟಿದೆಯೆಂದೋ, ಗುಗ್ಗೆ ತುಂಬಿದೆಯೆಂದೋ, ಲ್ಯಾಪ್‌ಟಾಪೇ ಕೆಟ್ಟಿತೆಂದೋ ಭಾವಿಸಿ ದಿನ ದೂಡುವವರುಂಟು. ನರಸಂಬಂಧಿಯಾದ ಈ ಹಠಾತ್ ಕಿವುಡಿಗೆ ಕೊಡುವ ಸ್ಟೀರಾಯ್ಡ್ ಚಿಕಿತ್ಸೆಯು ಮೊದಲ ಎರಡು ವಾರಗಳೊಳಗೆ, ಅದರಲ್ಲೂ ಮೊದಲ ಕೆಲವು ದಿನಗಳಲ್ಲಿಯೇ ಆರಂಭವಾದರೆ ಫಲದ ಆಸೆ ಹೆಚ್ಚು. ಆದಕಾರಣ ಅದೇ ದಿನ ಕಿವಿ, ಮೂಗು, ಗಂಟಲಿನ ತಜ್ಞರನ್ನು ಕಾಣಬೇಕು. ಕಿವಿಗೆ ಬಿಸಿ ಎಣ್ಣೆ ಹೊಯ್ಯುವುದು, ಕಡ್ಡಿ ಹಾಕುವುದು ಸಲ್ಲದು.

ವೃದ್ಧರ ಪ್ರಶ್ನೆ ಬೇರೆ. ಅವರ ಶ್ರವಣಶಕ್ತಿ ವರ್ಷಗಳುದ್ದಕ್ಕೂ ಸದ್ದಿಲ್ಲದೆ ಕುಗ್ಗುತ್ತದೆ. ಮೊದಲು ನಶಿಸುವುದು ಉಚ್ಚಸ್ವರಗಳ ಗ್ರಹಣ. ಸ, ಶ, ತ ಮುಂತಾದ ಅಕ್ಷರಗಳು ಮಸುಕಾಗುತ್ತವೆ. “ಮಾತು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ” ಎಂದು ಅಜ್ಜ ಹೇಳಿದರೆ ಅದು ಸ್ಪೀಕರಿನ ಮೇಲಿನ ದೂರಾಗಿರಲಾರದು. ಅವರ ಕುರ್ಚಿಯಲ್ಲಿಯೇ ಮೊಮ್ಮಗಳನ್ನು ಕುಳ್ಳಿರಿಸಿ ಅದೇ ಸದ್ದಿನಲ್ಲಿ ಕೇಳಿಸಬೇಕು. ಅವಳಿಗೆ ಸ್ಪಷ್ಟವಾಗಿದ್ದರೆ ಅಜ್ಜನಿಗೆ ಶ್ರವಣ ಪರೀಕ್ಷೆ ಮಾಡಿಸತಕ್ಕದ್ದು. ಕೇರಳದಲ್ಲಿ ತಿರುವನಂತಪುರದ ಆಕ್ಕುಳಂನಲ್ಲಿರುವ ‘ನಿಷ್’ ಸಂಸ್ಥೆ 1997ರಿಂದ ಈ ಕ್ಷೇತ್ರದಲ್ಲಿ ದುಡಿಯುತ್ತಿದೆ. ಊರಿಗೆ ಹೋದಾಗ ಪರೀಕ್ಷೆ ಮಾಡಿಸುವವರಿಗೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಅಜ್ಜನು ತನ್ನ ತೊಂದರೆಯನ್ನು ಕನ್ನಡದಲ್ಲಿಯೇ ಹೇಳಿಕೊಳ್ಳಬಹುದು. ಹೋಗುವಾಗ ತೊಂದರೆ ಮೊದಲು ಕಂಡ ದಿನ, ಯಾವ ಕಿವಿ, ದಿನಕ್ಕೆಷ್ಟು ಗಂಟೆ ಇಯರ್‌ಫೋನ್ ಬಳಕೆ, ಸೇವಿಸುತ್ತಿರುವ ಔಷಧಗಳು ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ವೈದ್ಯರಿಗೂ ಅನುಕೂಲ.