ಕಸಿಯಾದ ಅಂಗವನ್ನು ದೇಹವೇಕೆ ಒಲ್ಲೆನ್ನುತ್ತದೆ?

ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ, ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗಾಗಿ ಅಲೆದು ಬಳಲಿದ ರೋಗಿಗೆ ತಾಯಿಯೋ ಸಹೋದರನೋ ಒಂದು ಮೂತ್ರಪಿಂಡವನ್ನು ದಾನ ಮಾಡಿ, ಶಸ್ತ್ರಚಿಕಿತ್ಸೆಯೂ ಯಶಸ್ವಿಯಾದಾಗ, ಗಂಡಾಂತರ ಕಳೆಯಿತೆಂದು ಮನೆಯವರೆಲ್ಲ ಸಮಾಧಾನಪಡುತ್ತಾರೆ. ರೋಗಿಯ ಮುಖಕ್ಕೆ ಕಳೆ ಬರುತ್ತದೆ, ಊಟ ರುಚಿಸುತ್ತದೆ, ನಿಂತುಹೋಗಿದ್ದ ಕಾಯಕ ಮತ್ತೆ ಕೈಗೂಡುತ್ತದೆ. ಹೀಗೆ ಒಂದೆರಡು ವರ್ಷ ಕಳೆದ ಮೇಲೆ ಅವರ ಮನಸ್ಸಿನಲ್ಲಿ ಪ್ರಶ್ನೆಯೊಂದು ಏಳುತ್ತದೆ: ‘ಆರೋಗ್ಯವಾಗಿಯೇ ಇದ್ದೇನಲ್ಲ, ಇಷ್ಟೊಂದು ಗುಳಿಗೆಗಳನ್ನು ಇನ್ನೂ ಏಕೆ ನುಂಗಬೇಕು?’ ಈ ಪ್ರಶ್ನೆಗೆ ಸರಿಯಾದ ಉತ್ತರ ತಿಳಿಯದೆ ಔಷಧಿಯನ್ನು ಬಿಟ್ಟವರಲ್ಲಿ ಅನೇಕರು, ಪಡೆದ ಅಂಗವನ್ನೇ ಕಳೆದುಕೊಂಡು ಮತ್ತೆ ಡಯಾಲಿಸಿಸ್‌ಗೆ ಮರಳಿದ್ದಾರೆ. ಆದುದರಿಂದ ಆ ಉತ್ತರವನ್ನು ಸದ್ಭಕ್ತರೆಲ್ಲರೂ ತಿಳಿದಿರುವುದು ಒಳಿತು.

ತನ್ನದು, ಅನ್ಯದು ಎಂಬ ಗುರುತು

ನಮ್ಮ ದೇಹದ ರಕ್ಷಣಾ ವ್ಯವಸ್ಥೆಗೆ ತನ್ನದು ಯಾವುದು, ಹೊರಗಿನದು ಯಾವುದು ಎಂಬುದನ್ನು ಗುರುತಿಸುವ ಶಕ್ತಿಯಿದೆ. ಜೀವಕೋಶಗಳ ಮೇಲ್ಮೈಯಲ್ಲಿ ಎಚ್.ಎಲ್.ಎ. ಎಂಬ ಗುರುತಿನ ಪ್ರೋಟೀನುಗಳಿರುತ್ತವೆ. ಇವು ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬರುತ್ತವೆ. ಆದುದರಿಂದ ಒಡಹುಟ್ಟಿದ ಇಬ್ಬರಲ್ಲಿ ಈ ಗುರುತುಗಳು ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಅರ್ಧ ಹೊಂದುವ ಸಂಭವ ನಾಲ್ಕರಲ್ಲಿ ಎರಡು. ಏನೂ ಹೊಂದದಿರುವ ಸಂಭವ ನಾಲ್ಕರಲ್ಲಿ ಒಂದು. ಗುರುತು ಬೇರೆಯಾದ ಜೀವಕೋಶ ಕಂಡೊಡನೆ ‘ಟಿ’ ಕಣಗಳೆಂಬ ಬಿಳಿಯ ರಕ್ತಕಣಗಳು ಎಚ್ಚೆತ್ತು ದಾಳಿ ಮಾಡುತ್ತವೆ. ರೋಗಾಣುಗಳಿಂದ ನಮ್ಮನ್ನು ಪ್ರತಿದಿನ ಕಾಯುವ ಇದೇ ಶಕ್ತಿಗೆ, ಬಂದದ್ದು ರೋಗಾಣುವೋ ಪ್ರೀತಿಯಿಂದ ಕೊಟ್ಟ ಅಂಗವೋ ಎಂಬ ಭೇದ ತಿಳಿಯದು.

ಈ ಸತ್ಯ ಸ್ಪಷ್ಟವಾದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಸುಟ್ಟಗಾಯಗಳಿಂದ ನರಳುತ್ತಿದ್ದ ಮಹಿಳೆಯೊಬ್ಬರಿಗೆ ಅವರ ಸಹೋದರನ ಚರ್ಮವನ್ನು ಕಸಿ ಮಾಡಲಾಯಿತು. ಕೆಲವು ದಿನಗಳಲ್ಲಿ ಅದು ನಾಶವಾಯಿತು. ಅದೇ ಸಹೋದರನ ಚರ್ಮವನ್ನು ಎರಡನೆಯ ಸಲ ಕಸಿ ಮಾಡಿದಾಗ ಇನ್ನೂ ಬೇಗ ನಾಶವಾಯಿತು. ದೇಹವು ಮೊದಲ ಭೇಟಿಯನ್ನು ನೆನಪಿಟ್ಟುಕೊಂಡಿತ್ತು! ಈ ಸಂಗತಿಯನ್ನು 1943ರಲ್ಲಿ ಪೀಟರ್ ಮೆಡಾವರ್ ಮತ್ತು ಥಾಮಸ್ ಗಿಬ್ಸನ್ ಪ್ರಕಟಿಸಿದರು. ಮುಂದೆ ಈ ಕ್ಷೇತ್ರದ ಸಂಶೋಧನೆಗಾಗಿ ಮೆಡಾವರ್ ಅವರು 1960ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆ ಅವರು ರೊನಾಲ್ಡ್ ಹೆರಿಕ್ ಎಂಬುವರ ಒಂದು ಮೂತ್ರಪಿಂಡವನ್ನು ಅವರ ತದ್ರೂಪಿ ಅವಳಿ ಸಹೋದರ ರಿಚರ್ಡ್‌ಗೆ ಜೋಡಿಸಿದರು. ಗುರುತುಗಳೆಲ್ಲ ಒಂದೇ ಆಗಿದ್ದುದರಿಂದ ದೇಹ ಅದನ್ನು ತನ್ನದೆಂದೇ ಸ್ವೀಕರಿಸಿತು. ರಿಚರ್ಡ್ ಎಂಟು ವರ್ಷ ಬದುಕಿದರು. ದಾನ ಕೊಟ್ಟ ರೊನಾಲ್ಡ್ ಉಳಿದ ಒಂದೇ ಮೂತ್ರಪಿಂಡದಿಂದ 56 ವರ್ಷ ಬಾಳಿ 2010ರಲ್ಲಿ ತೀರಿಕೊಂಡರು. ಆದರೆ ತದ್ರೂಪಿ ಅವಳಿಗಳು ಎಷ್ಟು ಜನರಿಗೆ ಇರುತ್ತಾರೆ? ಉಳಿದವರಿಗೆ ಔಷಧಿಯೇ ಆಧಾರ.

ತಿರಸ್ಕಾರದ ಮೂರು ಬಗೆ

ಮೊದಲನೆಯದು ಅತಿತೀವ್ರ ತಿರಸ್ಕಾರ. ರಕ್ತದಲ್ಲಿ ಮೊದಲೇ ಪ್ರತಿಕಾಯಗಳಿದ್ದರೆ ಕಸಿಯಾದ ಅಂಗ ನಿಮಿಷಗಳಲ್ಲಿ ಅಥವಾ ಗಂಟೆಗಳಲ್ಲಿ ಕಪ್ಪಿಟ್ಟು ಸತ್ತುಹೋಗುತ್ತದೆ. ಹಿಂದೆ ರಕ್ತ ಪಡೆದವರಲ್ಲಿ, ಗರ್ಭ ಧರಿಸಿದವರಲ್ಲಿ, ಒಮ್ಮೆ ಕಸಿಯಾದವರಲ್ಲಿ ಇಂಥ ಪ್ರತಿಕಾಯಗಳು ಇರಬಹುದು. ಶಸ್ತ್ರಚಿಕಿತ್ಸೆಗೆ ಮುನ್ನ ದಾನಿಯ ಕಣಗಳನ್ನು ರೋಗಿಯ ರಕ್ತದ್ರವದೊಡನೆ ಬೆರೆಸಿ ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆಯಿಂದಾಗಿ ಈ ಅನಾಹುತ ಈಗ ಬಹು ಅಪರೂಪ.

ಎರಡನೆಯದು ತೀವ್ರ ತಿರಸ್ಕಾರ. ಇದು ಹೆಚ್ಚಾಗಿ ಮೊದಲ ಕೆಲವು ತಿಂಗಳುಗಳಲ್ಲಿ ಬರುತ್ತದೆ. ಔಷಧಿ ತಪ್ಪಿದರೆ ಎಷ್ಟು ವರ್ಷಗಳ ನಂತರವಾದರೂ ಬರಬಹುದು. ಬೇಗ ಪತ್ತೆಯಾದರೆ ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಮೊದಲಾದ ಚಿಕಿತ್ಸೆಯಿಂದ ಬಹುಪಾಲು ಹತೋಟಿಗೆ ಬರುತ್ತದೆ.

ಮೂರನೆಯದು ದೀರ್ಘಕಾಲಿಕ ತಿರಸ್ಕಾರ. ತಿಂಗಳು, ವರ್ಷಗಳ ಅವಧಿಯಲ್ಲಿ ಅಂಗದ ಸಣ್ಣ ರಕ್ತನಾಳಗಳು ದಪ್ಪಗಟ್ಟಿ, ಒಳಭಾಗ ಗಂಟುಗಟ್ಟುತ್ತ, ಅಂಗದ ಶಕ್ತಿ ಕುಗ್ಗುತ್ತದೆ. ಇದನ್ನು ಹಿಂದಿರುಗಿಸುವ ಔಷಧಿ ಇನ್ನೂ ದೊರೆತಿಲ್ಲ, ತಡೆಯುವುದೊಂದೇ ದಾರಿ.

ಮಣ್ಣು ಕೊಟ್ಟ ಮದ್ದು

1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಡಾ. ಕ್ರಿಶ್ಚಿಯನ್ ಬರ್ನಾರ್ಡ್ ಮಾಡಿದ ಮೊದಲ ಮಾನವ ಹೃದಯ ಕಸಿಯನ್ನು ಜಗತ್ತೇ ಕೊಂಡಾಡಿತು. ಹೊಸ ಹೃದಯ ಚೆನ್ನಾಗಿಯೇ ಬಡಿಯುತ್ತಿತ್ತು. ಆದರೆ ತಿರಸ್ಕಾರವನ್ನು ತಡೆಯಲೆಂದು ಕೊಟ್ಟ ಔಷಧಿಗಳಿಂದ ರೋಗನಿರೋಧಕ ಶಕ್ತಿ ತಗ್ಗಿದ್ದ ರೋಗಿ 18ನೆಯ ದಿನ ನ್ಯುಮೋನಿಯಾದಿಂದ ತೀರಿಕೊಂಡರು. ಔಷಧಿ ಕಡಿಮೆಯಾದರೆ ಅಂಗಕ್ಕೆ ಅಪಾಯ, ಹೆಚ್ಚಾದರೆ ಪ್ರಾಣಕ್ಕೆ ಅಪಾಯ ಎಂಬ ಇಕ್ಕಟ್ಟು ಅಂದಿನಿಂದ ಇಂದಿನವರೆಗೂ ವೈದ್ಯರನ್ನು ಕಾಡುತ್ತಿದೆ.

ಪರಿಹಾರದ ದಾರಿ ಮಣ್ಣಿನಿಂದ ಬಂದದ್ದು ಸೋಜಿಗ. ನಾರ್ವೆ ದೇಶದ ಪ್ರಸ್ಥಭೂಮಿಯೊಂದರ ಮಣ್ಣಿನಲ್ಲಿದ್ದ ಶಿಲೀಂಧ್ರದಿಂದ ಸೈಕ್ಲೋಸ್ಪೊರಿನ್ ದೊರೆಯಿತು. 1983ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನ ಸೂಕ್ಷ್ಮಾಣುವಿನಿಂದ ಟ್ಯಾಕ್ರೋಲಿಮಸ್ ದೊರೆಯಿತು. ಇವು ‘ಟಿ’ ಕಣಗಳ ದಾಳಿಯನ್ನು ತಗ್ಗಿಸುತ್ತವೆ. ಇಂದು ಬಹುಮಂದಿ ರೋಗಿಗಳು ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್ ಮತ್ತು ಅಲ್ಪ ಪ್ರಮಾಣದ ಪ್ರೆಡ್ನಿಸೊಲೋನ್ ಸೇವಿಸುತ್ತಾರೆ.

ಫಲವೇನು?

ಭಾರತದಲ್ಲಿ ಮೂತ್ರಪಿಂಡದ ಯಶಸ್ವಿ ಕಸಿ 1971ರಲ್ಲಿ ವೆಲ್ಲೂರಿನಲ್ಲಿ ನಡೆಯಿತು. ಇಂದು ಒಳ್ಳೆಯ ಕೇಂದ್ರಗಳಲ್ಲಿ ಕಸಿಯಾದ ಮೂತ್ರಪಿಂಡಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಒಂದು ವರ್ಷದ ನಂತರವೂ ಕೆಲಸ ಮಾಡುತ್ತಿರುತ್ತವೆ. ಜೀವಂತ ದಾನಿಯ ಮೂತ್ರಪಿಂಡ, ಮೃತ ದಾನಿಯದಕ್ಕಿಂತ ಸಾಮಾನ್ಯವಾಗಿ ಹೆಚ್ಚು ವರ್ಷ ಬಾಳುತ್ತದೆ. ಯಕೃತ್ತು ಬೇರೆ ಅಂಗಗಳಿಗಿಂತ ಸುಲಭವಾಗಿ ಹೊಂದಿಕೊಳ್ಳುತ್ತದೆ. ಶ್ವಾಸಕೋಶಕ್ಕೆ ತಿರಸ್ಕಾರದ ಕಾಟ ಹೆಚ್ಚು. ಕಣ್ಣಿನ ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲದ ಕಾರಣ ರಕ್ಷಣಾ ಕಣಗಳು ಅಲ್ಲಿಗೆ ಸುಲಭವಾಗಿ ತಲುಪವು. ಆದುದರಿಂದಲೇ ಸಾಮಾನ್ಯವಾಗಿ ಎಚ್.ಎಲ್.ಎ. ಹೊಂದಾಣಿಕೆಯನ್ನು ನೋಡದೆ ನೇತ್ರದಾನವನ್ನು ಬಳಸಲು ಸಾಧ್ಯ. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳು ನಾಲ್ವರಿಗೆ ಬೆಳಕು ನೀಡಿದ್ದು ನಾಡಿಗೆಲ್ಲ ತಿಳಿದಿದೆ.

ಪಡೆದವರು ಅರಿಯಬೇಕಾದುದು

ತಿರಸ್ಕಾರ ಆರಂಭದಲ್ಲಿ ನೋವನ್ನೇ ಕೊಡದಿರಬಹುದು. ರಕ್ತದಲ್ಲಿ ಕ್ರಿಯಾಟಿನಿನ್ ಏರುವುದಷ್ಟೇ ಅದರ ಸುಳಿವು. ಆದುದರಿಂದ ‘ಚೆನ್ನಾಗಿದ್ದೇನೆ’ ಎಂದು ರಕ್ತಪರೀಕ್ಷೆಯನ್ನು ತಪ್ಪಿಸಬಾರದು. ಮೂತ್ರ ಕಡಿಮೆಯಾಗುವುದು, ಕಾಲು ಮುಖ ಊದುವುದು, ತೂಕ ದಿಢೀರನೆ ಏರುವುದು, ಜ್ವರ, ಕಸಿಯಾದ ಜಾಗದಲ್ಲಿ ನೋವು — ಇವುಗಳಲ್ಲಿ ಒಂದು ಕಂಡರೂ ಅದೇ ದಿನ ವೈದ್ಯರನ್ನು ಕಾಣಬೇಕು.

ಟ್ಯಾಕ್ರೋಲಿಮಸ್ ಅನ್ನು ವೈದ್ಯರು ಹೇಳಿದ ಹೊತ್ತಿಗೇ ಸೇವಿಸಬೇಕು. ಅದರ ಮಟ್ಟವನ್ನು ಅಳೆಯುವ ದಿನ, ರಕ್ತ ಕೊಟ್ಟ ನಂತರವೇ ಬೆಳಗಿನ ಗುಳಿಗೆ ಸೇವಿಸಬೇಕು. ವ್ರತ ಉಪವಾಸಗಳ ದಿನವೂ ಗುಳಿಗೆ ನಿಲ್ಲಬಾರದು. ದೇವನಹಳ್ಳಿಯ ಚಕ್ಕೋತ ನಮಗೆ ಪ್ರಿಯವಾದ ಹಣ್ಣು. ಆದರೆ ಈ ಜಾತಿಯ ಹಣ್ಣುಗಳು ರಕ್ತದಲ್ಲಿ ಔಷಧಿಯ ಮಟ್ಟವನ್ನು ಏರಿಸಬಲ್ಲವು, ಅವನ್ನು ಬಿಡುವುದೇ ಕ್ಷೇಮ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಅದೇ ಮಟ್ಟವನ್ನು ಇಳಿಸುತ್ತದೆ. ರೋಗನಿರೋಧಕ ಶಕ್ತಿ ಹೆಚ್ಚಿಸುವುದೆಂಬ ಕಷಾಯ ಚೂರ್ಣಗಳು ಇತರರಿಗೆ ಹಿತವೆನಿಸಬಹುದು. ಕಸಿಯಾದವರಿಗೆ ತಗ್ಗಿಸಬೇಕಾದುದೇ ಆ ಶಕ್ತಿ! ವೈದ್ಯರನ್ನು ಕೇಳದೆ ಅವನ್ನೂ, ಅಂಗಡಿಯಲ್ಲಿ ಸಿಗುವ ನೋವಿನ ಗುಳಿಗೆಗಳನ್ನೂ ಸೇವಿಸಬಾರದು. ಕಾಯಿಸದ ಹಾಲು, ಕೊಯ್ದು ತೆರೆದಿಟ್ಟ ಹಣ್ಣು ಬೇಡ. ಜಾತ್ರೆಯ ಜನಜಂಗುಳಿಯಲ್ಲಿ ಮುಖಗವಸು ಧರಿಸಬೇಕು.

ಮನೆಯವರ ಪಾತ್ರವೂ ದೊಡ್ಡದು. ಔಷಧಿಯ ಖರ್ಚು ಭಾರವಾದಾಗ ಕೆಲವರು ಯಾರಿಗೂ ಹೇಳದೆ ಗುಳಿಗೆಯ ಪ್ರಮಾಣವನ್ನು ತಾವೇ ಇಳಿಸುತ್ತಾರೆ. ಹಾಗೆ ಮಾಡುವ ಮೊದಲು ವೈದ್ಯರ ಬಳಿ ಮನಬಿಚ್ಚಿ ಮಾತನಾಡಿದರೆ ಕಡಿಮೆ ಬೆಲೆಯ ಪರ್ಯಾಯ ಔಷಧಿಯೋ, ನೆರವಿನ ದಾರಿಯೋ ದೊರೆಯಬಹುದು.

ನಮ್ಮ ನಾಡಿನಲ್ಲಿ ಮೃತರ ಅಂಗದಾನದ ವ್ಯವಸ್ಥೆಯನ್ನು ‘ಜೀವಸಾರ್ಥಕತೆ’ ಸಂಸ್ಥೆ ನೋಡಿಕೊಳ್ಳುತ್ತಿದೆ. ದಾನಕ್ಕೆ ಒಪ್ಪಿದ ಕುಟುಂಬವು ತನ್ನ ದುಃಖದ ನಡುವೆಯೂ ಮತ್ತೊಬ್ಬರ ಬದುಕನ್ನು ನೆನೆದಿರುತ್ತದೆ. ಅಂಥ ದಾನವನ್ನು ಪಡೆದವರು ಪ್ರತಿದಿನ ಹೊತ್ತಿಗೆ ಸರಿಯಾಗಿ ಸೇವಿಸುವ ಗುಳಿಗೆ ಆ ಋಣವನ್ನು ಸಲ್ಲಿಸುವ ಒಂದು ಬಗೆಯೇ ಆಗಿದೆ.