ಸಣ್ಣಕಥೆಯ ಬೀಜ ಎಲ್ಲಿದೆ?

ದೈವಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದು ಸಣ್ಣಕಥೆ ಬರೆದುತರಲು ಹೇಳಿದರೆ ಹೆಚ್ಚಿನ ಕಥೆಗಳು ಒಂದೇ ಬಗೆಯಲ್ಲಿ ಮುಗಿಯುತ್ತವೆ. ಕುಡುಕನಾದ ತಂದೆ ಕ್ರಿಸ್ತಜಯಂತಿಯ ರಾತ್ರಿ ದೇವಾಲಯದ ಗಂಟೆಯನ್ನು ಕೇಳಿ ಮನಪರಿವರ್ತನೆ ಹೊಂದುತ್ತಾನೆ. ಭಾಷೆಯಲ್ಲಿ ದೋಷವಿರುವುದಿಲ್ಲ, ವಿಶ್ವಾಸದಲ್ಲಿ ಕೊರತೆಯೂ ಇರುವುದಿಲ್ಲ. ಆದರೂ ಆ ತಂದೆ ಓದುಗನ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಬರೆದವನಿಗೆ ಮೊದಲು ಹೊಳೆದದ್ದು ನೀತಿ. ಆ ನೀತಿಗೆ ತಕ್ಕ ಮನುಷ್ಯನನ್ನು ಆಮೇಲೆ ಹುಡುಕಿ ತಂದಿದ್ದಾನೆ. ಇದು ಪ್ರಬೋಧನೆಗೆ ಒಪ್ಪುವ ಕ್ರಮ, ಕಥೆಗಲ್ಲ. ಹಾಗಾದರೆ ಕ್ರೈಸ್ತ ಸಣ್ಣಕಥೆಗೆ ಪ್ರೇರಣೆ ಎಲ್ಲಿಂದ ದೊರೆಯಬೇಕು?

ಮೊದಲ ಮೂಲ ಪವಿತ್ರ ಗ್ರಂಥವೇ. ಆದರೆ ಅದು ಹೇಳಿದ್ದಕ್ಕಿಂತ ಹೇಳದೆ ಬಿಟ್ಟ ಕಡೆಗಳಲ್ಲಿ ಕಥೆಗಾರನಿಗೆ ಹೆಚ್ಚು ಎಡೆಯುಂಟು. ದುಂದುಗಾರ ಮಗನ ಸಾಮತಿಯ ಕೊನೆಯಲ್ಲಿ ಹಿರಿಯ ಮಗ ಮನೆಯ ಹೊರಗೆ ನಿಂತಿದ್ದಾನೆ. ತಂದೆ ಹೊರಬಂದು ಅವನನ್ನು ಬೇಡಿಕೊಳ್ಳುತ್ತಾನೆ. ಅವನು ಒಳಗೆ ಹೋದನೇ ಎಂಬುದನ್ನು ಸಂತ ಲೂಕನು ತಿಳಿಸುವುದಿಲ್ಲ (ಲೂಕ 15:25-32). ಗೊಣಗುತ್ತಿದ್ದ ಫರಿಸಾಯರು ಮತ್ತು ಧರ್ಮಶಾಸ್ತ್ರಿಗಳು ಕೇಳುತ್ತಿದ್ದ ಕಥೆ ಅದು. ಅದರ ಮುಕ್ತಾಯವನ್ನು ಯೇಸುಸ್ವಾಮಿ ಅವರ ಕೈಗೇ ಬಿಟ್ಟರು. ಪ್ರವಾದಿ ನಾಥಾನನ ರೀತಿಯೂ ಹೀಗೆಯೇ. ಬಡವನ ಕುರಿಮರಿಯ ಕಥೆಯನ್ನು ಕೇಳಿ ದಾವೀದನು ಕೆರಳಿ ತೀರ್ಪು ಕೊಟ್ಟ ಮೇಲೆಯೇ ಆ ಮನುಷ್ಯ ನೀನೇ ಎಂಬ ಮಾತು ಬರುತ್ತದೆ (2 ಸಮುವೇಲ 12). ವ್ಯಾಖ್ಯಾನಕ್ಕೆ ಮುನ್ನವೇ ಕಥೆ ತನ್ನ ಕೆಲಸವನ್ನು ಮುಗಿಸಿರುತ್ತದೆ.

ಆದ್ದರಿಂದ ವಾಕ್ಯಧ್ಯಾನಕ್ಕೆ ಕುಳಿತಾಗ 'ಇದರ ಬೋಧನೆ ಏನು?' ಎಂಬ ಪ್ರಶ್ನೆಯೊಡನೆ 'ಇಲ್ಲಿ ಮಾತನಾಡದೆ ಉಳಿದವರು ಯಾರು?' ಎಂದೂ ಕೇಳಿಕೊಳ್ಳಬೇಕು. ಈ ಅಭ್ಯಾಸ ನಮಗೆ ಹೊಸದಲ್ಲ. ಲೊಯೋಲದ ಸಂತ ಇಗ್ನಾಸಿಯವರು ತಮ್ಮ ಆಧ್ಯಾತ್ಮಿಕ ಸಾಧನೆಗಳಲ್ಲಿ ಕ್ರಿಸ್ತಜನನವನ್ನು ಧ್ಯಾನಿಸುವವನಿಗೆ ಮೊದಲು ನಜರೇತಿನಿಂದ ಬೆತ್ಲೆಹೇಮಿಗೆ ಹೋಗುವ ದಾರಿಯನ್ನೇ ನೋಡಲು ಹೇಳುತ್ತಾರೆ: ಅದರ ಉದ್ದಗಲ ಎಷ್ಟು, ಅದು ಸಮತಟ್ಟೋ, ಕಣಿವೆ ಗುಡ್ಡಗಳ ನಡುವೆ ಸಾಗುವುದೋ. ಕಥೆಗಾರನ ಮೊದಲ ಪಾಠವೂ ಇದೇ.

ಇದರ ಅತ್ಯುತ್ತಮ ನಿದರ್ಶನ ಆಂಟನ್ ಚೆಕಾಫನ 'ವಿದ್ಯಾರ್ಥಿ'. 1894ರಲ್ಲಿ ಪ್ರಕಟವಾದ ಈ ಕಥೆ ಕೆಲವೇ ಪುಟಗಳದ್ದು. ಇದರ ನಾಯಕ ಧಾರ್ಮಿಕ ವಿದ್ಯಾಲಯದ ವಿದ್ಯಾರ್ಥಿ. ಶುಭ ಶುಕ್ರವಾರದ ಸಂಜೆ, ಚಳಿಯಲ್ಲಿ, ಹಸಿದು ಮನೆಗೆ ಮರಳುತ್ತಿದ್ದಾನೆ. ಈ ಬಡತನ, ಈ ಕತ್ತಲು ಎಂದೆಂದಿಗೂ ಹೀಗೆಯೇ ಎಂದು ಅವನ ಮನಸ್ಸು ಕುಗ್ಗಿದೆ. ದಾರಿಯಲ್ಲಿ ಇಬ್ಬರು ವಿಧವೆಯರು, ತಾಯಿ ಮತ್ತು ಮಗಳು, ಹೊತ್ತಿಸಿದ ಬೆಂಕಿಯ ಬಳಿ ನಿಂತು ಕೈ ಕಾಯಿಸಿಕೊಳ್ಳುತ್ತಾನೆ. ಪೇತ್ರನೂ ಹೀಗೆಯೇ ಚಳಿ ಕಾಯಿಸಿಕೊಂಡಿದ್ದನಲ್ಲವೇ ಎಂದು ನೆನಪಾಗಿ ಆ ನಿರಾಕರಣೆಯ ಪ್ರಸಂಗವನ್ನು ಹೇಳುತ್ತಾನೆ. ತಾಯಿ ಅಳುತ್ತಾಳೆ, ಮಗಳ ಮುಖದಲ್ಲಿ ಅದುಮಿಟ್ಟ ನೋವು ಕಾಣುತ್ತದೆ. ಅವರ ಬದುಕಿನಲ್ಲಿ ಪೇತ್ರನ ಕಣ್ಣೀರನ್ನು ಮುಟ್ಟುವಂಥದು ಏನಿತ್ತೆಂದು ಲೇಖಕ ಬಿಡಿಸಿ ಹೇಳುವುದಿಲ್ಲ. ಹತ್ತೊಂಬತ್ತು ಶತಮಾನಗಳ ಹಿಂದಿನ ಘಟನೆ ಈ ಇಬ್ಬರಿಗೆ ಸಂಬಂಧಿಸಿದ್ದೆಂಬ ಅರಿವಿನಿಂದ ವಿದ್ಯಾರ್ಥಿಯ ಎದೆಯಲ್ಲಿ ಆನಂದ ತುಂಬುತ್ತದೆ. ಈ ಕಥೆಯನ್ನು ಬರೆದವನು ತಾನು ವಿಶ್ವಾಸವನ್ನು ಕಳೆದುಕೊಂಡವನೆಂದು ಹೇಳಿಕೊಂಡಿದ್ದನೆಂಬುದು ನಮಗೆ ವಿನಯವನ್ನು ಕಲಿಸಬೇಕು.

ಇಲ್ಲಿ ಬೀಜ ಯಾವುದು? ಬೋಧನೆಯಲ್ಲ, ಒಂದು ಬೆಂಕಿ. ಸಂತ ಯೊವಾನ್ನನ ಶುಭಸಂದೇಶದಲ್ಲಿ ಪೇತ್ರನು ಪ್ರಭುವನ್ನು ನಿರಾಕರಿಸುವುದು ಇದ್ದಿಲಿನ ಬೆಂಕಿಯ ಬಳಿ (18:18). ಪುನರುತ್ಥಾನದ ನಂತರ ಪ್ರಭು ಅವನಿಗಾಗಿ ಕಾದಿರುವುದೂ ಇದ್ದಿಲಿನ ಬೆಂಕಿಯ ಬಳಿ (21:9). ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ಕ್ಷಮೆಯ ದೈವಶಾಸ್ತ್ರವನ್ನು ಯೊವಾನ್ನನು ಒಂದು ವಸ್ತುವಿನಲ್ಲಿ ಇಟ್ಟಿದ್ದಾನೆ.

ಎರಡನೆಯ ಮೂಲ ನಮ್ಮ ಸುತ್ತಲಿನ ಜನ. ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯಲ್ಲಿ ದುಡಿದವರು. ಮುಳುಗಡೆಯಾದವರ ಸಂಕಟ ಅವರ ಬರಹಕ್ಕೆ ವಸ್ತುವಾಯಿತು. ಆದರೆ ಗುರುವಿನ ಮಟ್ಟಿಗೆ ಈ ಮೂಲಕ್ಕೊಂದು ಎಲ್ಲೆಯಿದೆ. ಪಾಪನಿವೇದನೆಯ ಗುಟ್ಟು ಉಲ್ಲಂಘಿಸಲಾಗದ್ದು (ಧರ್ಮಸಭೆಯ ಕಾನೂನು ಸಂಹಿತೆ, 983). ಗುಟ್ಟು ಹೊರಬೀಳುವ ಅಪಾಯವಿಲ್ಲದಿದ್ದರೂ ನಿವೇದಕನಿಗೆ ಕೆಡುಕಾಗುವಂತೆ ಆ ತಿಳಿವಳಿಕೆಯನ್ನು ಬಳಸಕೂಡದೆಂದು 984ನೆಯ ನಿಯಮ ಹೇಳುತ್ತದೆ. ಹೆಸರು, ಊರು ಬದಲಿಸಿದರೆ ಸಾಕೆಂಬ ವಾದಕ್ಕೆ ಇಲ್ಲಿ ಎಡೆಯಿಲ್ಲ. ಆ ಪೀಠದಲ್ಲಿ ಕೇಳಿದ್ದು ಕಥೆಗಾರನದಲ್ಲ.

ಪಾಪನಿವೇದನೆಯ ಹೊರಗೂ ಎಚ್ಚರ ಬೇಕು. ಸಹಾಯಕ ಗುರುವಾಗಿದ್ದಾಗ ನಾನು ಭೇಟಿಕೊಡುತ್ತಿದ್ದ ಒಂದು ಮನೆಯಲ್ಲಿ ವೃದ್ಧ ತಾಯಿಯೊಬ್ಬರು ಮನೆಬಿಟ್ಟು ಹೋದ ಮಗನಿಗಾಗಿ ಪ್ರತಿರಾತ್ರಿ ಊಟಕ್ಕೆ ಒಂದು ತಟ್ಟೆಯನ್ನು ಹೆಚ್ಚಿಗೆ ಇಡುತ್ತಿದ್ದರು. ನಾನು ಅದನ್ನು ಕಥೆಯಾಗಿಸಿದೆ. ಹೆಸರು ಬದಲಿಸಿದೆ, ಊರು ಬದಲಿಸಿದೆ, ತಟ್ಟೆಯನ್ನು ಉಳಿಸಿಕೊಂಡೆ. ಅಚ್ಚಾದ ಮೇಲೆ ಧರ್ಮಕೇಂದ್ರದವರು ಆ ತಟ್ಟೆಯಿಂದಲೇ ಮನೆಯನ್ನು ಗುರುತಿಸಿದರು. ಆ ತಾಯಿ ನನ್ನೊಡನೆ ಒಂದು ಮಾತನ್ನೂ ಆಡಲಿಲ್ಲ. ಮುಂದಿನ ಸಲ ನಾನು ಹೋದಾಗ ತಟ್ಟೆ ಇಟ್ಟಿರಲಿಲ್ಲ. ಯಾವ ನಿಯಮವನ್ನೂ ನಾನು ಮುರಿದಿರಲಿಲ್ಲ. ಅವರು ಕಾಯುತ್ತಿದ್ದ ರೀತಿಯನ್ನು ಮಾತ್ರ ಕಸಿದುಕೊಂಡಿದ್ದೆ.

ಅಂದಿನಿಂದ ಒಂದು ಕಟ್ಟುಪಾಡನ್ನು ಅನುಸರಿಸುತ್ತಿದ್ದೇನೆ: ಪ್ರಶ್ನೆಯನ್ನು ಜನರಿಂದ ಪಡೆಯಬಹುದು, ಗುರುತನ್ನು ನನ್ನ ಬದುಕಿನಿಂದಲೇ ಕೊಡಬೇಕು. ಬಾರದವನಿಗಾಗಿ ಕಾಯುವುದು ಹೇಗೆ ಎಂಬ ಪ್ರಶ್ನೆ ಎಲ್ಲರದು. ಅದಕ್ಕೆ ಉತ್ತರವಾಗಿ ನಾನು ಇಡಬೇಕಾದದ್ದು ಆಕೆಯ ತಟ್ಟೆಯನ್ನಲ್ಲ. ನಾನೇ ಯಾರಿಗೋ ಬರೆದು ಅಂಚೆಗೆ ಹಾಕದೆ ಉಳಿಸಿಕೊಂಡ ಕಾಗದವನ್ನು. ಕಥೆಗಾರನಿಗೆ ಮೂರನೆಯ ಮೂಲ ಇದು, ಅವನ ಸ್ವಂತ ನಿರಾಕರಣೆಗಳು. ದಿನದ ಕೊನೆಯ ಆತ್ಮಶೋಧನೆಯಲ್ಲಿ ಇವು ತಾವಾಗಿಯೇ ಎದುರಾಗುತ್ತವೆ.

ಬರೆಯಲು ಬಯಸುವ ಸಹೋದರರು ಮುಂದಿನ ಭಾನುವಾರದ ಶುಭಸಂದೇಶವನ್ನು ತೆಗೆದುಕೊಂಡು, ಅದರಲ್ಲಿ ಮಾತನಾಡದ ಒಬ್ಬರನ್ನೂ ಕೈಗೆ ಸಿಗುವ ಒಂದು ವಸ್ತುವನ್ನೂ ಗುರುತಿಸಿಕೊಳ್ಳಲಿ. ಆ ವಸ್ತು ತಮ್ಮ ಬದುಕಿನಲ್ಲಿ ಎಲ್ಲಿತ್ತೆಂದು ನೆನೆಯಲಿ. ಕಥೆ ಅಲ್ಲಿಂದ ಹೊರಡಲಿ. ನೀತಿಯನ್ನು ಹೇಳಲು ಬಲಿಪೀಠದ ಪಕ್ಕದಲ್ಲಿ ಬೋಧನಾಪೀಠ ಇದ್ದೇ ಇದೆ.